ಹಳೆಯ ಟಿವಿ ಪರದೆಯ ವಿಷ: ಬಿಚ್ಚುವ ಕೈ ಎಲ್ಲಿ ನಿಲ್ಲಬೇಕು?

ಪ್ರಶ್ನೆ: ದಾವಣಗೆರೆಯಲ್ಲಿ 22 ವರ್ಷಗಳಿಂದ ಟಿವಿ ರಿಪೇರಿ ಅಂಗಡಿ ನಡೆಸುತ್ತಿದ್ದೇನೆ. ಗಿರಾಕಿಗಳು ಬಿಟ್ಟುಹೋದ ಕೆಟ್ಟ ಎಲ್‌ಸಿಡಿ ಪ್ಯಾನೆಲ್‌ಗಳು 40ರಷ್ಟು, ಹಳೆಯ ಪಿಕ್ಚರ್ ಟ್ಯೂಬ್‌ಗಳು 11 ಹಿಂದಿನ ಕೋಣೆಯಲ್ಲಿ ಬಿದ್ದಿವೆ. ಗುಜರಿಯವರು ಬೋರ್ಡು, ತಾಮ್ರ, ಅಲ್ಯೂಮಿನಿಯಂ ಮಾತ್ರ ಒಯ್ಯುತ್ತಾರೆ, ಗಾಜು ಬೇಡವೆನ್ನುತ್ತಾರೆ. ಕಸದ ಗಾಡಿಯವರೂ ಮುಟ್ಟುವುದಿಲ್ಲ. ಪ್ಯಾನೆಲ್ ಒಳಗಿನ ದ್ರವ ವಿಷ ಎಂದು ಎಂ.ಎಸ್ಸಿ. ಓದುತ್ತಿರುವ ಮಗಳು ಹೇಳುತ್ತಾಳೆ. ಗಾಜನ್ನು ಒಡೆದು ಆ್ಯಸಿಡ್‌ನಲ್ಲಿ ನೆನೆಸಿದರೆ ವಿಷವೂ ಹೋಗುತ್ತದೆ, ಇಂಡಿಯಂ ಎಂಬ ದುಬಾರಿ ಲೋಹವೂ ಸಿಗುತ್ತದೆ ಎಂದು ಒಂದು ವಿಡಿಯೊದಲ್ಲಿ ನೋಡಿದೆ. ಅದಾಗದಿದ್ದರೆ ಊರಾಚೆ ಒಯ್ದು ಸುಟ್ಟುಬಿಡುವ ಯೋಚನೆಯೂ ಇದೆ. ಯಾವುದು ಸುರಕ್ಷಿತ? ನಮ್ಮ ಅಂಗಡಿಯ ಹುಡುಗ ರಾತ್ರಿ ಅದೇ ಕೋಣೆಯಲ್ಲಿ ಮಲಗುತ್ತಾನೆ, ಜಾಗ ಬೇಗ ಖಾಲಿ ಮಾಡಬೇಕಾಗಿದೆ.

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲಿನಿಂದಲೇ ಶುರುಮಾಡುತ್ತೇನೆ. ಹುಡುಗನ ಹಾಸಿಗೆಯನ್ನು ಇವತ್ತು ರಾತ್ರಿಯೇ ಆ ಕೋಣೆಯಿಂದ ಹೊರಗೆ ತನ್ನಿ. ಉಳಿದ ಉತ್ತರವನ್ನು ನಾಳೆ ಓದಿದರೂ ನಡೆಯುತ್ತದೆ.

ಕಾರಣ ಇದು. 2010ರ ಆಸುಪಾಸಿನವರೆಗೆ ಬಂದ ಬಹುಪಾಲು ಎಲ್‌ಸಿಡಿ ಟಿವಿಗಳಲ್ಲಿ ಪರದೆಯ ಹಿಂದೆ ಬೆಳಗುತ್ತಿದ್ದವು ಪೆನ್ಸಿಲಿಗಿಂತ ತೆಳುವಾದ ಗಾಜಿನ ಟ್ಯೂಬ್‌ಗಳು, ನೀವು ದಿನವೂ ಹೇಳುವ ಸಿಸಿಎಫ್‌ಎಲ್. 32 ಇಂಚಿನ ಒಂದು ಸೆಟ್ಟಿನಲ್ಲಿ ಇಂಥವು 12ರಿಂದ 16 ಇರುವುದು ಸಾಮಾನ್ಯ. ಪ್ರತಿಯೊಂದರಲ್ಲೂ ಕೆಲವೇ ಮಿಲಿಗ್ರಾಂ ಪಾದರಸ ಇರುತ್ತದೆ. ಒಟ್ಟುಗೂಡಿಸಿದರೆ ರಾಗಿ ಕಾಳಿನಷ್ಟು ಹನಿ. ಇಷ್ಟಕ್ಕೆ ಇಷ್ಟು ಹೆದರಿಕೆಯೇ ಎಂದು ಕೇಳಬಹುದು. ಲೆಕ್ಕ ಹಾಕೋಣ. ಹತ್ತು ಅಡಿಗೆ ಹತ್ತು ಅಡಿ, ಒಂಬತ್ತು ಅಡಿ ಎತ್ತರದ ಕೋಣೆಯಲ್ಲಿ ಸುಮಾರು 25 ಘನ ಮೀಟರ್ ಗಾಳಿ ಇರುತ್ತದೆ. ಒಂದೇ ಟ್ಯೂಬಿನ ಮೂರೂವರೆ ಮಿಲಿಗ್ರಾಂ ಪಾದರಸ ಪೂರ್ತಿ ಆವಿಯಾಗಿ ಅದರಲ್ಲಿ ಬೆರೆತರೆ ಪ್ರತಿ ಘನ ಮೀಟರಿಗೆ 0.14 ಮಿಲಿಗ್ರಾಂ ಆಗುತ್ತದೆ. ದಿನಕ್ಕೆ ಎಂಟು ಗಂಟೆ ದುಡಿಯುವವರಿಗೆ ಔದ್ಯೋಗಿಕ ಆರೋಗ್ಯದ ಪರಿಣತರು ಹಾಕಿರುವ ಮಿತಿ 0.025. ಅಂದರೆ ಐದು ಪಟ್ಟು ಹೆಚ್ಚು. ನಿಜ, ಒಡೆದ ತಕ್ಷಣ ಎಲ್ಲವೂ ಆವಿಯಾಗುವುದಿಲ್ಲ. ಬಹುಪಾಲು ಟ್ಯೂಬಿನ ಒಳಮೈಯ ಬಿಳಿ ಪುಡಿಗೆ ಅಂಟಿಕೊಂಡಿದ್ದು ವಾರಗಟ್ಟಲೆ ನಿಧಾನವಾಗಿ ಹೊರಬರುತ್ತದೆ. ಆದರೆ ಬಾಗಿಲು ಹಾಕಿಕೊಂಡು ಮಲಗುವವನಿಗೆ ಆ ನಿಧಾನವೇ ಅಪಾಯ. ವಾಸನೆಯಿಲ್ಲ, ಕಣ್ಣುರಿಯಿಲ್ಲ, ಕೆಮ್ಮಿಲ್ಲ. 40 ಪ್ಯಾನೆಲ್‌ಗಳ ರಾಶಿಯಲ್ಲಿ ಎಷ್ಟು ಟ್ಯೂಬ್ ಆಗಲೇ ಬಿರುಕುಬಿಟ್ಟಿವೆಯೋ ನೋಡಿದವರಿಲ್ಲ.

ಅವನಿಗೆ ಕೈ ನಡುಕ, ನಿದ್ದೆಗೇಡು, ವಸಡಿನ ನೋವು, ವಿನಾಕಾರಣ ಸಿಡುಕು ಇವುಗಳಲ್ಲಿ ಯಾವುದಾದರೂ ಇದೆಯೇ ಎಂದು ಕೇಳಿ. ಇಲ್ಲವೆಂದರೂ ವೈದ್ಯರ ಬಳಿ ಕರೆದುಕೊಂಡು ಹೋಗಿ, ಪಾದರಸದ ಆವಿ ಇರಬಹುದಾದ ಕೋಣೆಯಲ್ಲಿ ಮಲಗುತ್ತಿದ್ದ ಎಂದು ಸ್ಪಷ್ಟವಾಗಿ ಹೇಳಿ, ಮೂತ್ರದಲ್ಲಿ ಪಾದರಸದ ಪರೀಕ್ಷೆ ಮಾಡಿಸಿ. ಉಸಿರಿನ ಮೂಲಕ ಒಳಹೋದ ಪಾದರಸದ ಲೆಕ್ಕ ಸಿಗುವುದು ಮೂತ್ರದಲ್ಲಿ. ಪಿಕ್ಚರ್ ಟ್ಯೂಬಿನ ಗಾಜನ್ನು ಅವನು ಒಡೆದದ್ದುಂಟಾದರೆ ರಕ್ತದಲ್ಲಿ ಸೀಸ ಎಷ್ಟಿದೆ ಎಂಬುದನ್ನೂ ನೋಡಿಸಿ.

ಈಗ ನೀವು ಕೇಳಿದ ವಿಷಯ. ಆ್ಯಸಿಡ್ ಬೇಡ, ಬೆಂಕಿಯಂತೂ ಬೇಡವೇ ಬೇಡ. ಎರಡೂ ಏಕೆ ಬೇಡ ಎಂಬುದು ತಿಳಿಯಬೇಕಾದರೆ ಪರದೆಯೊಳಗಿನ ವಿಷಗಳು ಎರಡು ಜಾತಿಯವು ಎಂಬುದನ್ನು ಮೊದಲು ಗಮನಿಸಬೇಕು.

ಒಂದು ಜಾತಿ ಮೂಲಧಾತುಗಳದು: ಪಾದರಸ, ಸೀಸ, ಹಳೆಯ ಪರದೆಗಳ ಗಾಜಿನಲ್ಲಿರುವ ಆರ್ಸೆನಿಕ್, ಇಂಡಿಯಂ. ಇವುಗಳನ್ನು ಯಾವ ಆ್ಯಸಿಡ್ಡೂ ಯಾವ ಬೆಂಕಿಯೂ ಇಲ್ಲವಾಗಿಸಲಾರದು. ಸುಟ್ಟರೆ ಹೊಗೆಯಲ್ಲಿ ಹೋಗುತ್ತವೆ, ಕರಗಿಸಿದರೆ ನೀರಿನಲ್ಲಿ ಹೋಗುತ್ತವೆ, ಹೂತರೆ ಮಣ್ಣಿನಲ್ಲಿ ಕೂರುತ್ತವೆ. ಅವುಗಳನ್ನು ಹಿಡಿದು ಕಟ್ಟಿಹಾಕಬಹುದು, ಅಷ್ಟೇ. ಇನ್ನೊಂದು ಜಾತಿ ಇಂಗಾಲದ ಸಂಯುಕ್ತಗಳದು: ದ್ರವ ಸ್ಫಟಿಕ (ನಿಮ್ಮ ಮಗಳು ಹೇಳಿದ ದ್ರವ), ಪರದೆಯ ಮೇಲಿನ ಪೋಲರೈಸರ್ ಹಾಳೆ, ಹಿಂಬದಿಯ ಪ್ಲಾಸ್ಟಿಕ್ ಕವಚಕ್ಕೆ ಬೆಂಕಿ ತಗುಲದಂತೆ ಬೆರೆಸಿರುವ ಬ್ರೋಮಿನ್ ಸಂಯುಕ್ತಗಳು. ಇವುಗಳ ಅಣುವನ್ನು ನಿಜವಾಗಿಯೂ ಮುರಿದು ನಿರಪಾಯ ಮಾಡಬಹುದು. ಆದರೆ ಅದಕ್ಕೆ ಬೇಕಾದ ಶಾಖ ಬಯಲಿನಲ್ಲಿ ಹಚ್ಚುವ ಬೆಂಕಿಯಲ್ಲಿ ಹುಟ್ಟುವುದಿಲ್ಲ. ಅರೆಬರೆ ಬೆಂದ ಬ್ರೋಮಿನ್ ಪ್ಲಾಸ್ಟಿಕ್ ಡಯಾಕ್ಸಿನ್ ಜಾತಿಯ ವಿಷಗಳನ್ನು ಹುಟ್ಟಿಸುತ್ತದೆ. ಆಗ ಮೊದಲಿದ್ದದ್ದಕ್ಕಿಂತ ಕೆಟ್ಟದ್ದು ಕೈಗೆ ಬಂದಂತಾಯಿತು. ಊರಾಚೆ ಎಂದಿದ್ದೀರಿ. ಊರಾಚೆ ಇರುವುದು ಹೊಲ, ಅಲ್ಲಿ ಮೇಯುವ ದನ, ಆ ದನದ ಹಾಲು. ಡಯಾಕ್ಸಿನ್ ಕೊಬ್ಬಿನಲ್ಲಿ ಕೂಡಿಕೊಳ್ಳುವ ವಿಷ, ಹಾಲಿನ ಕೆನೆಯಲ್ಲೇ ಊರಿಗೆ ಮರಳುತ್ತದೆ.

ನಮ್ಮ ಕೆಲಸದಲ್ಲಿ ಎರಡು ಕ್ರಿಯಾಪದಗಳನ್ನು ಬೆರೆಸಬಾರದು: ಬಿಚ್ಚುವುದು ಮತ್ತು ಒಡೆಯುವುದು. ಬಿಚ್ಚುವ ಕೈ ನಿಮ್ಮದು, 22 ವರ್ಷಗಳ ಅಭ್ಯಾಸ ಇರುವ ಕೈ. ಸ್ಕ್ರೂ ತೆಗೆದು, ಕೇಬಲ್ ಕಳಚಿ, ಕವಚ ಬೇರ್ಪಡಿಸಿ, ಬೋರ್ಡ್ ಎತ್ತುವವರೆಗೆ ಯಾವ ವಿಷವೂ ತನ್ನ ಗೂಡು ಬಿಟ್ಟು ಹೊರಬರುವುದಿಲ್ಲ. ಗಾಜು ಚಟ್ಟೆಂದ ಕ್ಷಣದಿಂದ ಅದು ಬೇರೆಯೇ ಉದ್ಯಮ. ಅದಕ್ಕೆ ಹೀರುಗಾಳಿ, ಫಿಲ್ಟರ್, ಕುಲುಮೆ, ಪ್ರಯೋಗಾಲಯ ಬೇಕು. ಕಾನೂನಿನ ನೋಂದಣಿಯೂ ಬೇಕು.

ಹಲವು ವರ್ಷಗಳ ಹಿಂದೆ ಬೆಂಗಳೂರಿನ ಹೊರವಲಯದ ಒಂದು ಶೆಡ್ಡಿಗೆ ಪಾದರಸದ ಆವಿ ಅಳೆಯುವ ಮೀಟರ್ ಹಿಡಿದು ಹೋಗಿದ್ದೆ. ಹತ್ತೊಂಬತ್ತು ಇಪ್ಪತ್ತರ ಹುಡುಗನೊಬ್ಬ ಮಾನಿಟರುಗಳ ಬ್ಯಾಕ್‌ಲೈಟ್ ಚೌಕಟ್ಟುಗಳನ್ನು ಮೊಣಕಾಲಿನ ಮೇಲೆ ಇಟ್ಟು ತಿರುಚಿ ತೆಗೆಯುತ್ತಿದ್ದ. ತಗಡು ಬಾಗುವಾಗ ಒಳಗಿನ ಟ್ಯೂಬ್ ಮುರಿಯುವ ಸದ್ದು ಕಡ್ಡಿಪೆಟ್ಟಿಗೆಯ ಕಡ್ಡಿ ಮುರಿದಷ್ಟೇ ಸಣ್ಣದು. ಅವನ ಉಗುರಿನ ಸಂದಿಯಲ್ಲಿ ಬಿಳಿ ಪುಡಿ ಕುಳಿತಿತ್ತು. ಪಕ್ಕದಲ್ಲೇ ಊಟದ ಡಬ್ಬಿ. ಮೀಟರಿನ ಅಂಕಿ ಮೇಜಿನ ಬಳಿ ಏರಿತು. ಮಧ್ಯಾಹ್ನ ಮತ್ತೊಬ್ಬಾಕೆ ಬಂದು ಪೊರಕೆಯಿಂದ ಚೂರುಗಳನ್ನು ಗುಡಿಸಿದಾಗ ಇನ್ನೂ ಮೇಲಕ್ಕೆ ಜಿಗಿಯಿತು. ಪೊರಕೆಯ ಒಂದೊಂದು ಕಡ್ಡಿಯೂ ಹನಿಯನ್ನು ಇನ್ನಷ್ಟು ಸಣ್ಣ ಹನಿಗಳಾಗಿ ಒಡೆಯುತ್ತದೆ, ಆವಿಯಾಗುವ ಮೈ ಹೆಚ್ಚುತ್ತಾ ಹೋಗುತ್ತದೆ. ಶೆಡ್ಡಿನ ಯಜಮಾನರು ಕೆಟ್ಟವರಾಗಿರಲಿಲ್ಲ. ಆ ಬಿಳಿ ಪುಡಿ ಸುಣ್ಣದಂಥದ್ದೇನೋ ಎಂದುಕೊಂಡಿದ್ದರು. ಅಂದಿನಿಂದ ಯಾರು ಪ್ಯಾನೆಲ್ ವಿಷಯ ಕೇಳಿದರೂ ಮೊದಲು ನಾನು ಕೇಳುವುದು ಎಲ್ಲಿ ಒಡೆಯುತ್ತೀರಿ, ಅಲ್ಲಿ ಯಾರು ಊಟ ಮಾಡುತ್ತಾರೆ, ಯಾರು ಮಲಗುತ್ತಾರೆ ಎಂದು.

ನಿಮ್ಮ ರಾಶಿಯಲ್ಲಿ ಪಾದರಸದ ಪ್ಯಾನೆಲ್ ಯಾವುದು, ಎಲ್‌ಇಡಿ ಯಾವುದು ಎಂದು ಗುರುತಿಸುವುದು ನಿಮಗೆ ಕಷ್ಟವಲ್ಲ. ಇನ್ವರ್ಟರ್ ಬೋರ್ಡ್, ಅದರ ಮೇಲೆ ಸಾಲು ಸಾಲು ಪುಟ್ಟ ಟ್ರಾನ್ಸ್‌ಫಾರ್ಮರ್‌ಗಳು, ದಪ್ಪ ರಬ್ಬರ್ ಹೊದಿಕೆಯ ಹೈ ವೋಲ್ಟೇಜ್ ತಂತಿಗಳು ಕಂಡರೆ ಅದು ಟ್ಯೂಬಿನದು. ಬೋರ್ಡ್ ಆಗಲೇ ಹೋಗಿದ್ದರೆ ಪ್ಯಾನೆಲ್ ಅಂಚಿನ ಕನೆಕ್ಟರ್ ನೋಡಿ. ಅನುಮಾನವಿದ್ದರೆ ಪಾದರಸ ಇದೆ ಎಂದೇ ಬಗೆಯಿರಿ. ಪ್ಯಾನೆಲ್ ಮತ್ತು ಬ್ಯಾಕ್‌ಲೈಟ್ ಸೇರಿದ ಆ ಮಾಡ್ಯೂಲನ್ನು ಬಿಚ್ಚಲೇಬೇಡಿ. ತಗಡಿನ ಚೌಕಟ್ಟೇ ಆ ಟ್ಯೂಬುಗಳಿಗೆ ಕವಚ. ನೆಟ್ಟಗೆ, ಪುಸ್ತಕದ ಹಾಗೆ ನಿಲ್ಲಿಸಿ, ನಡುವೆ ರಟ್ಟು ಇಡಿ. ಒಂದರ ಮೇಲೊಂದು ಮಲಗಿಸಿ ಪೇರಿಸಿದರೆ ಕೆಳಗಿನದರ ಟ್ಯೂಬುಗಳು ರಬ್ಬರ್ ಹೋಲ್ಡರಿನ ಬಳಿ ಮುರಿಯುತ್ತವೆ, ಅಲ್ಲಿಯೇ ಅವು ದುರ್ಬಲ.

ಒಂದು ಟ್ಯೂಬ್ ಕಣ್ಣೆದುರೇ ಒಡೆಯಿತು ಎನ್ನಿ. ಫ್ಯಾನ್ ಆರಿಸಿ, ಕಿಟಕಿ ತೆರೆದು, ಎಲ್ಲರೂ ಕಾಲು ಗಂಟೆ ಹೊರಗಿರಿ. ಆಮೇಲೆ ಕೈಗವಸು ಹಾಕಿ ಚೂರುಗಳನ್ನು ಎರಡು ಗಟ್ಟಿ ರಟ್ಟಿನಿಂದ ಎತ್ತಿ ಮುಚ್ಚಳವಿರುವ ಗಾಜಿನ ಭರಣಿಗೆ ಹಾಕಿ. ಉಳಿದ ಪುಡಿಯನ್ನು ಅಂಟುಪಟ್ಟಿಯಿಂದ ಒತ್ತಿ ತೆಗೆದು, ಒದ್ದೆ ಕಾಗದದಿಂದ ಒರೆಸಿ, ಆ ಪಟ್ಟಿ, ಆ ಕಾಗದ, ಆ ಕೈಗವಸು ಎಲ್ಲವನ್ನೂ ಅದೇ ಭರಣಿಗೆ ಹಾಕಿ ಬಿಗಿಯಾಗಿ ಮುಚ್ಚಿ. ಪೊರಕೆ, ವ್ಯಾಕ್ಯೂಮ್ ಕ್ಲೀನರ್, ಊದುವ ಬ್ಲೋವರ್ ಹತ್ತಿರಕ್ಕೂ ತರಬೇಡಿ. ಗಂಧಕದ ಪುಡಿ ಎರಚಿದರೆ ಸಾಕು ಎಂದು ಕೆಲವರು ಹೇಳುತ್ತಾರೆ. ಗಂಧಕ ಪಾದರಸವನ್ನು ಹಿಡಿಯುವುದು ಸತ್ಯ, ಆದರೆ ತಣ್ಣಗಿನ ನೆಲದ ಮೇಲೆ ಅದು ಬಹಳ ನಿಧಾನ. ಹನಿಯ ಮೇಲ್ಮೈಗೆ ತೆಳು ಪೊರೆಯಾಗಿ ನಿಂತುಬಿಡುತ್ತದೆ. ಎತ್ತುವುದೇ ಮುಖ್ಯ.

ಇದೇ ಗಂಧಕ ಸರಿಯಾದ ಕಾರ್ಖಾನೆಯಲ್ಲಿ ಅದ್ಭುತ ಕೆಲಸ ಮಾಡುತ್ತದೆ. ಅಲ್ಲಿ ಬ್ಯಾಕ್‌ಲೈಟ್ ಬಿಚ್ಚುವ ಮೇಜಿನ ಮೇಲೆಯೇ ಗಾಳಿ ಹೀರುವ ಗೂಡು ಇರುತ್ತದೆ. ಇಲ್ಲವೇ ಇಡೀ ಪ್ಯಾನೆಲನ್ನು ಮುಚ್ಚಿದ ಯಂತ್ರದೊಳಗೆ ಪುಡಿ ಮಾಡುತ್ತಾರೆ. ಯಂತ್ರದೊಳಗಿನ ಗಾಳಿಯ ಒತ್ತಡ ಹೊರಗಿನದಕ್ಕಿಂತ ಕಡಿಮೆ, ಆದ್ದರಿಂದ ಸಂದಿ ಇದ್ದರೂ ಗಾಳಿ ಒಳಕ್ಕೆ ಹೋಗುತ್ತದೆಯೇ ಹೊರತು ಹೊರಕ್ಕೆ ಬರುವುದಿಲ್ಲ. ಹೀರಿದ ಗಾಳಿ ಧೂಳಿನ ಫಿಲ್ಟರ್ ದಾಟಿ ಗಂಧಕ ಬೆರೆಸಿದ ಇದ್ದಿಲಿನ ಹಾಸಿನ ಮೂಲಕ ಸಾಗುತ್ತದೆ. ಅಲ್ಲಿ ಪಾದರಸದ ಆವಿ ಗಂಧಕದೊಡನೆ ಕೂಡಿ ಪಾದರಸದ ಸಲ್ಫೈಡ್ ಆಗಿ ಕೂರುತ್ತದೆ. ಇದರ ಕೆಂಪು ರೂಪವನ್ನೇ ನಮ್ಮ ಹಿರಿಯರು ಇಂಗಳೀಕ ಎಂದು ಕರೆದದ್ದು; ಭೂಮಿಯೊಳಗೆ ಪಾದರಸ ಯುಗಯುಗಾಂತರ ಅಲುಗದೆ ಕುಳಿತಿದ್ದದ್ದು ಈ ರೂಪದಲ್ಲಿಯೇ, ನೀರಿನಲ್ಲಿ ಕರಗುವುದು ಇಲ್ಲವೆನ್ನುವಷ್ಟು ಕಡಿಮೆ. ಟ್ಯೂಬಿನ ಬಿಳಿ ಪುಡಿಯನ್ನು ಬೇರೆಯಾಗಿ ಭಟ್ಟಿಗೆ ಹಾಕುತ್ತಾರೆ. ಪಾದರಸ 357 ಡಿಗ್ರಿಯಲ್ಲಿ ಕುದಿಯುತ್ತದೆ; ಅದಕ್ಕೂ ಹೆಚ್ಚು ಕಾಯಿಸಿ ಆವಿಯನ್ನು ತಣಿಸಿ ಹನಿಯಾಗಿ ಹಿಡಿಯುತ್ತಾರೆ.

ಪಾದರಸದ ವಿಷಯದಲ್ಲಿ ಜಗತ್ತು ತಡವಾಗಿಯಾದರೂ ಒಂದು ಮಾತಿಗೆ ಬಂದಿದೆ. 2013ರ ಮಿನಮಾಟಾ ಒಪ್ಪಂದಕ್ಕೆ ಭಾರತ 2018ರಲ್ಲಿ ಸೇರಿತು. ಪರದೆಗಳಿಗಾಗಿ ಇಂಥ ಟ್ಯೂಬ್ ತಯಾರಿಸುವುದನ್ನು 2025ರೊಳಗೆ ನಿಲ್ಲಿಸಬೇಕೆಂದು ಸದಸ್ಯ ದೇಶಗಳು ತೀರ್ಮಾನಿಸಿದವು. ಹೊಸದು ಬರುವುದಿಲ್ಲ. ಬಂದದ್ದೆಲ್ಲ ನಿಮ್ಮಂಥವರ ಹಿಂದಿನ ಕೋಣೆಗಳಲ್ಲಿ ಇದೆ.

ಮಗಳು ಹೇಳಿದ ದ್ರವದ ವಿಷಯಕ್ಕೆ ಬರುತ್ತೇನೆ. ಅವಳ ಮಾತು ಸರಿ, ಆದರೆ ಅಳತೆ ಗೊತ್ತಿರಲಿ. ಪ್ಯಾನೆಲ್ ಎಂದರೆ ಎರಡು ಗಾಜಿನ ಹಾಳೆ, ನಡುವೆ ನಾಲ್ಕು ಮೈಕ್ರೊಮೀಟರಿನಷ್ಟು ಸಂದಿ; ತಲೆಗೂದಲಿನ ದಪ್ಪದ ಹತ್ತರಲ್ಲೊಂದು ಭಾಗಕ್ಕೂ ಕಡಿಮೆ. 32 ಇಂಚಿನ ಪರದೆಯಲ್ಲಿ ಆ ಸಂದಿಯನ್ನು ತುಂಬಿರುವ ದ್ರವ ಸ್ಫಟಿಕ ಒಟ್ಟು ಒಂದು ಗ್ರಾಂನಷ್ಟು, ಟೀ ಚಮಚದ ಕಾಲು ಭಾಗವೂ ಆಗದು. ಒಂದೇ ವಸ್ತುವಲ್ಲ ಅದು. ಹತ್ತರಿಂದ ಇಪ್ಪತ್ತು ಬಗೆಯ ಉದ್ದನೆಯ ಅಣುಗಳ ಮಿಶ್ರಣ, ಹಲವುಗಳ ತುದಿಯಲ್ಲಿ ಫ್ಲೋರಿನ್. ಬಿರುಕುಬಿಟ್ಟ ಪರದೆಯಿಂದ ಜಿನುಗಿದ ಪಸೆ ಬೆರಳಿಗೆ ತಗುಲಿದರೆ ಸೋಪು ಹಾಕಿ ತೊಳೆಯಿರಿ, ಕಣ್ಣಿಗೆ ಮುಟ್ಟಿಸಬೇಡಿ. ಆ ಕ್ಷಣಕ್ಕೆ ಜೀವಕ್ಕೆ ಅಪಾಯವಿಲ್ಲ. ಚಿಂತೆ ಇರುವುದು ದೀರ್ಘಕಾಲದ್ದು. 2019ರಲ್ಲಿ ಚೀನಾ ಮತ್ತು ಕೆನಡಾದ ವಿಜ್ಞಾನಿಗಳು ಇಂಥ 362 ರಾಸಾಯನಿಕಗಳನ್ನು ಪರಿಶೀಲಿಸಿದಾಗ ಅವುಗಳಲ್ಲಿ ಹಲವು ಪರಿಸರದಲ್ಲಿ ಸುಲಭಕ್ಕೆ ಕೊಳೆಯದೆ ಜೀವಿಗಳ ಮೈಯಲ್ಲಿ ಕೂಡಿಕೊಳ್ಳುವಂಥವು ಎಂದು ಕಂಡುಬಂತು. ಕಟ್ಟಡಗಳೊಳಗಿನ ಧೂಳಿನಲ್ಲೂ ಇವು ಸಿಕ್ಕಿದವು. ಒಂದು ಪರದೆಯಿಂದ ಒಂದು ಗ್ರಾಂ. ಎಸೆದ ಪರದೆಗಳ ಸಂಖ್ಯೆಯನ್ನು ನೆನೆದರೆ ಅದು ಚಿಕ್ಕದಲ್ಲ.

ಈ ಅಣುಗಳನ್ನು ಮುರಿಯುವುದು ಹೇಗೆ? ಇಂಗಾಲಕ್ಕೂ ಫ್ಲೋರಿನ್‌ಗೂ ಇರುವ ಬಂಧ ರಸಾಯನಶಾಸ್ತ್ರದ ಅತಿ ಗಟ್ಟಿ ಬಂಧಗಳಲ್ಲೊಂದು. ಆ್ಯಸಿಡ್‌ನಲ್ಲಿ ನೆನೆಸಿದರೆ ಅದು ಕದಲುವುದಿಲ್ಲ. ಎಣ್ಣೆಯಂತೆ ಮೇಲೆ ತೇಲುತ್ತಾ ಉಳಿಯುತ್ತದೆ, ನಿಮ್ಮ ಬಳಿ ಮೊದಲಿದ್ದ ಒಂದು ವಿಷದ ಬದಲು ಎರಡಾಗುತ್ತವೆ. ಅಪಾಯಕಾರಿ ತ್ಯಾಜ್ಯಕ್ಕೆಂದೇ ಕಟ್ಟಿದ ದಹನ ಕುಲುಮೆಯಲ್ಲಿ ಎರಡು ಕೋಣೆಗಳಿರುತ್ತವೆ. ಮೊದಲನೆಯದರಲ್ಲಿ ವಸ್ತು ಉರಿದು ಅನಿಲವಾಗುತ್ತದೆ. ಎರಡನೆಯದರಲ್ಲಿ ಆ ಅನಿಲ 1100 ಡಿಗ್ರಿ ಅಥವಾ ಅದಕ್ಕೂ ಹೆಚ್ಚಿನ ಶಾಖದಲ್ಲಿ ಕನಿಷ್ಠ ಎರಡು ಸೆಕೆಂಡ್ ಇರಬೇಕು, ಸಾಕಷ್ಟು ಆಮ್ಲಜನಕವೂ ಬೇಕು. ಎರಡು ಸೆಕೆಂಡ್ ಎಂದರೆ ನಮಗೆ ಏನೂ ಅಲ್ಲ, ಆ ಶಾಖದಲ್ಲಿ ಅಣುವಿಗೆ ಅದು ಪೂರ್ತಿ ಚಿತೆ. ಹೊರಬರುವ ಅನಿಲವನ್ನು ಒಮ್ಮೆಗೇ ತಣಿಸಬೇಕು, ಏಕೆಂದರೆ 400ರಿಂದ 200 ಡಿಗ್ರಿಯ ನಡುವೆ ನಿಧಾನವಾಗಿ ತಣಿದರೆ ಮುರಿದ ತುಣುಕುಗಳು ಮತ್ತೆ ಸೇರಿ ಡಯಾಕ್ಸಿನ್ ಆಗುತ್ತವೆ. ಬಿಡಿಸಿಕೊಂಡ ಫ್ಲೋರಿನ್ ಹೈಡ್ರೋಫ್ಲೋರಿಕ್ ಆ್ಯಸಿಡ್ ಆಗಿ ಬರುತ್ತದೆ, ಗಾಜನ್ನೇ ತಿನ್ನುವ ಆ್ಯಸಿಡ್ ಅದು. ಸುಣ್ಣದ ನೀರಿನ ತುಂತುರಿನಲ್ಲಿ ಹಾಯಿಸಿದಾಗ ಅದು ಕ್ಯಾಲ್ಸಿಯಂ ಫ್ಲೋರೈಡ್ ಎಂಬ ಕರಗದ ಬಿಳಿ ಕೆಸರಾಗಿ ತಳಕ್ಕೆ ಇಳಿಯುತ್ತದೆ. ಬಯಲು ಬೆಂಕಿಯಲ್ಲಿ ಈ ಒಂದು ಹಂತವೂ ಇಲ್ಲ. ಪ್ರಯೋಗಾಲಯಗಳಲ್ಲಿ ಬೇರೆ ದಾರಿಗಳೂ ನಡೆದಿವೆ: ಟೈಟಾನಿಯಂ ಡೈಆಕ್ಸೈಡ್ ಮತ್ತು ಅತಿನೇರಳೆ ಬೆಳಕು, 374 ಡಿಗ್ರಿಗೂ 221 ಬಾರ್ ಒತ್ತಡಕ್ಕೂ ಮೇಲೆ ದ್ರವವೂ ಅಲ್ಲದ ಆವಿಯೂ ಅಲ್ಲದ ಸ್ಥಿತಿಗೆ ಬರುವ ನೀರು. ಮಗಳಿಗೆ ಪ್ರಾಜೆಕ್ಟ್ ವಿಷಯ ಬೇಕಿದ್ದರೆ ಇವೆರಡರಲ್ಲೂ ಒಳ್ಳೆಯ ಕೆಲಸ ಬಾಕಿ ಇದೆ.

ಅವಳಿಗೆ ಇನ್ನೊಂದನ್ನೂ ಹೇಳಿ. ದ್ರವ ಸ್ಫಟಿಕದ ಅಣು ಕೋಲಿನಂತೆಯೇ ಇರಬೇಕು ಎಂದು ದಶಕಗಳ ಕಾಲ ಎಲ್ಲರೂ ನಂಬಿದ್ದಾಗ, ಬಿಲ್ಲೆಯಾಕಾರದ ಅಣುಗಳೂ ಹಾಗೆ ವರ್ತಿಸುತ್ತವೆ ಎಂದು 1977ರಲ್ಲಿ ತೋರಿಸಿದವರು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದ ಎಸ್. ಚಂದ್ರಶೇಖರ್ ಮತ್ತು ಅವರ ಸಂಗಡಿಗರು. ಅಂಥ ಬಿಲ್ಲೆ ಅಣುಗಳ ಹಾಳೆ ಮುಂದೆ ಮಾನಿಟರುಗಳನ್ನು ಓರೆಯಿಂದ ನೋಡಿದರೂ ಚಿತ್ರ ಮಾಸದಂತೆ ಮಾಡಲು ಬಳಕೆಗೆ ಬಂತು. ನಿಮ್ಮ ರಾಶಿಯಲ್ಲಿ ಹಳೆಯ ಕಂಪ್ಯೂಟರ್ ಮಾನಿಟರ್ ಇದ್ದರೆ ಆ ಹಾಳೆಯೂ ಅದರಲ್ಲಿ ಇದ್ದೀತು. ಪ್ಯಾನೆಲ್ ಕೈಗೆತ್ತಿಕೊಂಡಾಗಲೆಲ್ಲ ನನಗೆ ಇದು ನೆನಪಾಗುತ್ತದೆ, ಹೆಮ್ಮೆಯೂ ಆಗುತ್ತದೆ.

ಇಂಡಿಯಂ ಆಸೆಯನ್ನು ಬಿಡಿ. ಗಾಜಿನ ಒಳಮೈಗೆ ಬಳಿದಿರುವ ಪಾರದರ್ಶಕ ಪದರದಲ್ಲಿ ಇಂಡಿಯಂ ಇರುವುದು ನಿಜ. ಆದರೆ 32 ಇಂಚಿನ ಪ್ಯಾನೆಲಿನಲ್ಲಿ ಅರ್ಧ ಗ್ರಾಂ ಕೂಡ ಇಲ್ಲ. ನಿಮ್ಮ 40 ಪ್ಯಾನೆಲ್ ಸೇರಿಸಿದರೂ 20 ಗ್ರಾಂ ದಾಟದು. ಅದನ್ನು ತೆಗೆಯಲು ಗಾಜನ್ನು ನುಣ್ಣಗೆ ಅರೆಯಬೇಕು, ಬಿಸಿ ಆ್ಯಸಿಡ್‌ನಲ್ಲಿ ಗಂಟೆಗಟ್ಟಲೆ ಕಲಕಬೇಕು, ದ್ರಾವಣದಿಂದ ಬೇರ್ಪಡಿಸಬೇಕು. ಖರ್ಚಾದ ಆ್ಯಸಿಡ್ ಎಲ್ಲಿಗೆ ಹೋಗುತ್ತದೆ ಎಂದು ವಿಡಿಯೊದವರು ಹೇಳಿದರೇ? ಮೋರಿಗೆ, ಗಾಜಿನ ಆರ್ಸೆನಿಕ್ಕನ್ನೂ ಹೊತ್ತುಕೊಂಡು. ಹಳೆಯ ಪ್ಯಾನೆಲ್‌ಗಳ ಗಾಜಿನಿಂದ ಗುಳ್ಳೆ ತೆಗೆಯಲು ಆರ್ಸೆನಿಕ್ ಬೆರೆಸುತ್ತಿದ್ದರು; ಆರ್ಸೆನಿಕ್ ಇಲ್ಲದ ಗಾಜು ದೊಡ್ಡದಾಗಿ ಮಾರುಕಟ್ಟೆಗೆ ಬಂದದ್ದು 2006ರ ನಂತರ. ಇನ್ನು ಆ ಪದರದ ಧೂಳು. ಜಪಾನಿನಲ್ಲಿ ಇಂಡಿಯಂ-ಟಿನ್ ಆಕ್ಸೈಡ್ ಅರೆಯುವ ಕೆಲಸದಲ್ಲಿದ್ದ ಯುವಕನೊಬ್ಬ ಶ್ವಾಸಕೋಶ ಗಟ್ಟಿಯಾಗಿ 2001ರಲ್ಲಿ ತೀರಿಕೊಂಡ ಮೇಲೆ ಈ ಕಾಯಿಲೆ ಜಗತ್ತಿಗೆ ಗೊತ್ತಾಯಿತು. ಕಾಯಿಲೆ ಹಿಡಿದಾಗ ಅವನಿಗೆ ಮೂವತ್ತೂ ತುಂಬಿರಲಿಲ್ಲ. ಆತ ಅರೆಯುತ್ತಿದ್ದದ್ದು ಆ ವಸ್ತುವಿನ ದೊಡ್ಡ ಅಚ್ಚುಗಳನ್ನು, ನೀವು ಅರೆಯುವುದು ಕಡಿಮೆ. ಆದರೂ ಮನೆಯ ಮಿಕ್ಸಿಯಲ್ಲಿ ಪ್ಯಾನೆಲ್ ಗಾಜು ಹಾಕುವವರನ್ನು ಕಂಡು ನನಗೆ ಭಯವಾಗಿದೆ.

ಪಿಕ್ಚರ್ ಟ್ಯೂಬ್‌ಗಳ ಬಗ್ಗೆ ನಿಮಗೆ ನಾನು ಹೇಳಿಕೊಡಬೇಕಾದ್ದು ಕಡಿಮೆ. ಆನೋಡ್ ಕ್ಯಾಪಿನಡಿ 25,000 ವೋಲ್ಟ್‌ವರೆಗೆ ಕೂತಿರಬಹುದು, ಒಳಗೆ ನಿರ್ವಾತ, ಪೆಟ್ಟು ಬಿದ್ದರೆ ಒಳಕ್ಕೆ ಕುಸಿದು ಚೂರು ಹೊರಕ್ಕೆ ಸಿಡಿಯುತ್ತದೆ. ಗುಜರಿಯವರು ತಾಮ್ರದ ಸುರುಳಿಯಾದ ಯೋಕ್ ಕೀಳಲು ಕುತ್ತಿಗೆಯನ್ನು ಸುತ್ತಿಗೆಯಿಂದ ಒಡೆಯುವುದನ್ನು ನೀವೂ ನೋಡಿದ್ದೀರಿ. ಆ ಕುತ್ತಿಗೆಯ ಗಾಜೇ ಸೀಸ ಹೆಚ್ಚು ಇರುವ ಜಾಗಗಳಲ್ಲೊಂದು. ಎಕ್ಸ್-ರೇ ತಡೆಯಲೆಂದು ಹಿಂಬದಿಯ ಲಾಳಿಕೆಯಾಕಾರದ ಗಾಜಿನಲ್ಲಿ ತೂಕದ ಐದರಲ್ಲೊಂದು ಭಾಗಕ್ಕೂ ಹೆಚ್ಚು ಸೀಸದ ಆಕ್ಸೈಡ್ ಇರುತ್ತದೆ. ಮುಂದಿನ ಪರದೆಯ ಗಾಜಿನಲ್ಲಿ ಬೇರಿಯಂ, ಸ್ಟ್ರಾನ್ಷಿಯಂ. ಎರಡನ್ನೂ ಕೂಡಿಸಿರುವ ಅಂಟಿನಂಥ ಗಾಜಿನಲ್ಲಂತೂ ಬಹುಪಾಲು ಸೀಸವೇ. ಸರಿಯಾದ ಘಟಕದಲ್ಲಿ ಈ ಕೂಡುಗೆರೆಯ ಸುತ್ತ ಗೀರು ಹಾಕಿ, ಬಿಸಿಯೇರುವ ತಂತಿ ಸುತ್ತಿ, ಶಾಖದ ಪೆಟ್ಟಿನಿಂದ ಎರಡನ್ನೂ ನಾಜೂಕಾಗಿ ಬಿಡಿಸುತ್ತಾರೆ. ಪರದೆಯ ಒಳಮೈಯ ಹೊಳೆಯುವ ಪುಡಿಯನ್ನು ಫಿಲ್ಟರ್ ಇರುವ ಯಂತ್ರದಿಂದ ಹೀರುತ್ತಾರೆ. ಮೊದಲು ಈ ಗಾಜೇ ಮತ್ತೆ ಹೊಸ ಟ್ಯೂಬ್ ಆಗುತ್ತಿತ್ತು. ಟ್ಯೂಬ್ ತಯಾರಿಕೆಯೇ ನಿಂತ ಮೇಲೆ ಗಾಜು ಅನಾಥವಾಯಿತು. ಅಮೆರಿಕದ ಓಹಾಯೊ ರಾಜ್ಯದ ಕೊಲಂಬಸ್ ನಗರದಲ್ಲಿ ಮರುಬಳಕೆ ಮಾಡುತ್ತೇವೆಂದು ಶುಲ್ಕ ಪಡೆದ ಕಂಪನಿಯೊಂದು ಹತ್ತಾರು ಸಾವಿರ ಟನ್ ಗಾಜನ್ನು ಗೋದಾಮುಗಳಲ್ಲೇ ಬಿಟ್ಟುಹೋಯಿತು. ಈಗ ಉಳಿದಿರುವ ಗೌರವದ ದಾರಿ ಸೀಸ ಕರಗಿಸುವ ಕುಲುಮೆ. ಅಲ್ಲಿ ಗಾಜಿನ ಮರಳು ಕಿಟ್ಟ ಕಟ್ಟಲು ನೆರವಾಗುತ್ತದೆ, ಸೀಸ ಸೀಸದೊಡನೆ ಸೇರುತ್ತದೆ. ಅದೂ ಇಲ್ಲದಿದ್ದರೆ ಅಪಾಯಕಾರಿ ತ್ಯಾಜ್ಯದ ಸುಭದ್ರ ಹೂಳುಗುಂಡಿ. ನಮ್ಮ ರಾಜ್ಯದಲ್ಲಿ ಅಂಥದ್ದು ಬೆಂಗಳೂರು–ತುಮಕೂರು ಹೆದ್ದಾರಿಯ ದಾಬಸ್‌ಪೇಟೆಯಲ್ಲಿದೆ.

ಇನ್ನು ವ್ಯವಹಾರ. ನಿಮ್ಮ ಪತ್ರದಲ್ಲಿ ತೊಂದರೆಯ ಬೇರು ನೀವು ಗಮನಿಸದೆ ಬರೆದ ಒಂದು ಮಾತಿನಲ್ಲಿದೆ: ಗುಜರಿಯವರು ಬೋರ್ಡು ಒಯ್ಯುತ್ತಾರೆ, ಗಾಜು ಬಿಡುತ್ತಾರೆ. ಒಂದು ಟಿವಿಯಲ್ಲಿ ಬೆಲೆ ಬಾಳುವುದು ಬೋರ್ಡು, ತಾಮ್ರ, ಅಲ್ಯೂಮಿನಿಯಂ. ಗಾಜಿಗೆ ಖರ್ಚು ಮಾತ್ರ ಇದೆ. ಬೋರ್ಡಿನಿಂದ ಬರುವ ಹಣವೇ ಗಾಜಿನ ಸಂಸ್ಕಾರದ ಖರ್ಚನ್ನು ಹೊರಬೇಕು. ಬೋರ್ಡು ಬೇರೆಡೆಗೆ ಹೋದ ಮೇಲೆ ಬರೀ ಗಾಜನ್ನು ಯಾರೂ ಪುಕ್ಕಟೆಗೂ ಮುಟ್ಟುವುದಿಲ್ಲ. ಇನ್ನು ಮುಂದೆ ಸೆಟ್ಟನ್ನು ಇಡಿಯಾಗಿ ಕೊಡಿ, ಬೇಕಾದ ಬಿಡಿಭಾಗವನ್ನು ರಿಪೇರಿಗಾಗಿ ತೆಗೆದುಕೊಂಡರೆ ಅದು ಬೇರೆ ಮಾತು. ಈಗಿರುವ ರಾಶಿಯ ಜೊತೆಗೆ ಅಂಗಡಿಯಲ್ಲಿ ಉಳಿದಿರುವ ಸುಟ್ಟ ಬೋರ್ಡುಗಳು, ಕೆಟ್ಟ ಸೆಟ್‌ಟಾಪ್ ಬಾಕ್ಸ್‌ಗಳು, ಅಡಾಪ್ಟರ್‌ಗಳನ್ನು ಸೇರಿಸಿ.

ಕೊಡುವುದು ಯಾರಿಗೆ? 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಮರುಬಳಕೆ ಘಟಕಗಳು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ನೋಂದಣಿಯಾಗಿರಬೇಕು. ಟಿವಿ ಮಾರಿದ ಕಂಪನಿಗಳಿಗೆ ಪ್ರತಿವರ್ಷ ಇಂತಿಷ್ಟು ಮರುಬಳಕೆ ಮಾಡಿಸಲೇಬೇಕೆಂಬ ಹೊಣೆ ಇದೆ. ಅದರ ಪ್ರಮಾಣಪತ್ರವನ್ನು ಅವು ಇಂಥ ಘಟಕಗಳಿಂದಲೇ ಕೊಳ್ಳಬೇಕು. ಹೀಗಾಗಿ ನಿಮ್ಮ ಸಾಮಾನಿಗೂ ಗಿರಾಕಿ ಇದ್ದಾರೆ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ನಿಮ್ಮ ಜಿಲ್ಲೆಯ ಕಚೇರಿಗೆ ಹೋಗಿ ನೋಂದಾಯಿತ ಮರುಬಳಕೆದಾರರ ಪಟ್ಟಿ ಕೇಳಿ. ಪಟ್ಟಿಯಲ್ಲಿದ್ದವರಿಗೆ ಫೋನ್ ಮಾಡಿದಾಗ ಎರಡು ಪ್ರಶ್ನೆ ಕೇಳಿ: ಪಾದರಸದ ಬ್ಯಾಕ್‌ಲೈಟ್ ಇರುವ ಪ್ಯಾನೆಲನ್ನು ನೀವೇ ಸಂಸ್ಕರಿಸುತ್ತೀರಾ, ಇಲ್ಲವಾದರೆ ಅದು ಇಲ್ಲಿಂದ ಎಲ್ಲಿಗೆ ಹೋಗುತ್ತದೆ? ಪಿಕ್ಚರ್ ಟ್ಯೂಬಿನ ಸೀಸದ ಗಾಜು ಕೊನೆಗೆ ಯಾವ ಕುಲುಮೆಗೆ ಅಥವಾ ಯಾವ ಹೂಳುಗುಂಡಿಗೆ? ನೆಟ್ಟಗೆ ಉತ್ತರ ಬರದಿದ್ದರೆ ಪಟ್ಟಿಯ ಮುಂದಿನವರಿಗೆ ಫೋನ್ ಮಾಡಿ.

40 ಪ್ಯಾನೆಲ್, 11 ಟ್ಯೂಬಿಗೆಂದು ಬೆಂಗಳೂರಿನಿಂದ ಲಾರಿ ಬರುವುದು ಕಷ್ಟ. ದಾವಣಗೆರೆಯ ಉಳಿದ ರಿಪೇರಿಯವರ ಹಿಂದಿನ ಕೋಣೆಗಳೂ ನಿಮ್ಮದರಂತೆಯೇ ಇರುತ್ತವೆ. ಹರಿಹರ, ಚಿತ್ರದುರ್ಗದ ಗೆಳೆಯರನ್ನೂ ಸೇರಿಸಿ ಒಂದು ಲಾರಿ ಲೋಡ್ ಆಗುವಷ್ಟು ಒಟ್ಟು ಮಾಡಿ ಕರೆಸಿ. ಇ-ತ್ಯಾಜ್ಯವನ್ನು ಕೂಡಿಟ್ಟುಕೊಳ್ಳಲು ಈ ನಿಯಮಗಳು ಉದ್ಯಮಗಳಿಗೆ ಕೊಟ್ಟಿರುವ ಗಡುವು 180 ದಿನ. ನೀವೂ ಅದನ್ನೇ ಅಳತೆಯಾಗಿಟ್ಟುಕೊಳ್ಳಿ. ಅಲ್ಲಿಯವರೆಗೆ ಆ ಕೋಣೆಯ ಕಿಟಕಿ ತೆರೆದಿರಲಿ, ಮಳೆನೀರು ಒಳಬರದಿರಲಿ, ಪಿಕ್ಚರ್ ಟ್ಯೂಬುಗಳ ಮುಖ ಗೋಡೆಯತ್ತ ಇರಲಿ, ಬಾಗಿಲಿಗೆ ಬೀಗವಿರಲಿ. ಬಿರುಕುಬಿಟ್ಟ ಪ್ಯಾನೆಲ್‌ಗಳನ್ನು ದಪ್ಪ ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಅಂಟುಪಟ್ಟಿ ಹಾಕಿ, ಮೇಲೆ ‘ಪಾದರಸ, ಒಡೆದಿದೆ’ ಎಂದು ದಪ್ಪ ಅಕ್ಷರದಲ್ಲಿ ಬರೆಯಿರಿ. ಲಾರಿಗೆ ಹೇರುವವನು ಓದಬೇಕಾದ್ದು ಅದು. ಒಡೆದ ಟ್ಯೂಬಿನ ಚೂರು ಹಾಕಿದ ಭರಣಿಯನ್ನೂ ಮರೆಯದೆ ಅವುಗಳ ಜೊತೆಗೇ ಕಳುಹಿಸಿ. ಸಾಮಾನು ಹೋದ ಮೇಲೆ ನೆಲ, ಗೋಡೆಯ ಬುಡ, ಕಪಾಟಿನ ಅಡಿಯನ್ನು ಒದ್ದೆ ಬಟ್ಟೆಯಿಂದ ಎರಡು ಬಾರಿ ಒರೆಸಿ, ಆ ಬಟ್ಟೆಗಳನ್ನೂ ಕಟ್ಟಿ ಅವರಿಗೇ ಕೊಡಲು ತೆಗೆದಿಡಿ. ಸಿಮೆಂಟ್ ನೆಲದ ಬಿರುಕುಗಳಲ್ಲಿ ಹನಿ ಕೂತಿರಬಹುದು. ಹುಡುಗನ ಪರೀಕ್ಷೆಯ ವರದಿ ಬಂದಮೇಲೆ ಅಂಕಿಯನ್ನು ನನಗೆ ಬರೆದು ತಿಳಿಸಿ. ಅದು ಹೆಚ್ಚಿದ್ದರೆ ಆ ಕೋಣೆಯ ಗಾಳಿಯನ್ನು ಅಳೆಯಿಸದೆ ಯಾರೂ ಅಲ್ಲಿ ಮಲಗಬಾರದು.